ನೂರಾ ಹನ್ನೆರಡನೆಯ ಮನೆ

ಮಲಪ್ರಭೆ ಊರೊಳಗೆ ಬಂದ ಶ್ರಾವಣದಲ್ಲಿ, ಒಂದು ಸೋಮವಾರ, ಹೊತ್ತು ಮಾರುದ್ದ ಏರಿದಾಗ ಇದು ಶುರುವಾಯಿತು. ಹೊಳೆದಂಡೆಯ ಊರಿನವರೆಲ್ಲ ರಾಮದುರ್ಗದ ಒಂದು ಸಾಲೆಯಲ್ಲಿ ಇದ್ದರು. ಹಿಂದಿನ ದಿನ ಒಂದು ಕೂಸಿಗೆ ಮೈತುಂಬ ದಡಾರ ಎದ್ದಿತ್ತು. ಅದರ ಪಕ್ಕದ ಚಾಪೆಯಲ್ಲೇ ಸಿದ್ದಲಿಂಗವ್ವನ ಮೊಮ್ಮಗಳು ಮಲಗುತ್ತಿದ್ದಳು.

ನರ್ಸ್ ಯಶೋಧಾ ಲಸಿಕೆ ತಂದಳು. ಜೊತೆಗೆ ಬರೆದುಕೊಳ್ಳುವ ಕಲ್ಮೇಶ. ಲಸಿಕೆ ಹಾಕಿದ ಮನೆಯ ನಂಬರ್ ಬರೆದು, ಬಾಗಿಲ ಮೇಲೆ ಸೀಮೆಸುಣ್ಣದ ಗುರುತು ಹಾಕುವುದು ಅವನ ಕೆಲಸ. ಯಶೋಧಾ ಔಷಧ ಕಲಸಿದ ಮೇಲೆ ಅವನು ಕೇಳಿದ, "ಮನಿ ನಂಬರ್ ಹೇಳ್ರಿ."

"ಮನಿ ಹೊಳ್ಯಾಗ ಅದಾವರಿ," ಎಂದಳು ಸಿದ್ದಲಿಂಗವ್ವ.

"ಹಂಗಾರ ಗುರುತು ಎಲ್ಲಿ ಹಾಕ್ಲಿ?"

"ಸಾಲಿ ಬಾಗಲಾ ಐತೆಲ್ಲ."

"ಸಾಲ್ಯಾಗ ಯಾರೂ ಸಂಸಾರ ಮಾಡೂದಿಲ್ಲಬೇ. ಸಾಲಿ ಬ್ಯಾರೆ ಪಟ್ಟಿ."

"ಕಲಸಿದ್ದು ನಾಕ ತಾಸಿನಾಗ ಕೆಡತೈತಿ, ಕಲ್ಮೇಶ," ಎಂದಳು ಯಶೋಧಾ. "ನೀರ ಇಳಿಯೂತನಾ ದಡಾರ ಹೊರಗ ಕಾಯ್ಕೊಂತ ಕುಂದ್ರೂದಿಲ್ಲ."

"ಗೊತ್ತೈತ್ರಿ ಅಕ್ಕಾರ. ಆದ್ರ ಈ ಖಾನೆ ಖಾಲಿ ಬಿಡಂಗಿಲ್ಲ."

ಸಿದ್ದಲಿಂಗವ್ವ ಎದ್ದು ಅವನನ್ನು ಸಾಲೆಯ ಹಿಂದಕ್ಕೆ ಕರೆದೊಯ್ದಳು. ನೀರು ಹೊಸ್ತಿಲು ಮುಟ್ಟಿದ ದಿನ ಉಳಿದವರು ಕಾಳು, ಕಾಗದ, ಕುರಿ ಎತ್ತಿಕೊಂಡರೆ, ಅವಳು ಮಾವನ ಕಾಲದ ಸಾಗವಾನಿ ಬಾಗಿಲನ್ನು ಚೌಕಟ್ಟು ಸಮೇತ ಕೀಳಿಸಿ ಟ್ರ್ಯಾಕ್ಟರಿಗೆ ಹಾಕಿಸಿದ್ದಳು. ಆವತ್ತು ಎಲ್ಲರೂ ನಕ್ಕಿದ್ದರು. ಈಗ ಅದು ಗೋಡೆಗೆ ಒರಗಿ ಊರಿನ ಬಟ್ಟೆ ಒಣಗಿಸುತ್ತಿತ್ತು. ಅವಳು ಒಂದು ಸೀರೆ ಸರಿಸಿದಳು. ಕೆಳಗೆ ನಂಬರ್ ಇತ್ತು: ೧೧೨.

ಕಲ್ಮೇಶನಿಗೆ ಜೀವ ಬಂದಂತಾಯಿತು. "ಇದು ಮನಿ ಆತು ನೋಡ್ರಿ. ಈ ಮನ್ಯಾಗ ಸಣ್ಣ ಹುಡುಗರು ಎಷ್ಟ?"

ಅವಳು ಸಾಲೆಯ ಕಡೆ ನೋಡಿದಳು. "ಮೂವತ್ತೆಂಟು."

"ಒಂದ ಮನ್ಯಾಗ?"

"ಕೂಡಿದ ಮನಿತನ, ತಮ್ಮಾ. ಬ್ಯಾರೆ ಆಗಾಕ ನಮಗ ಗ್ವಾಡಿ ಎಲ್ಲಿ ಅದಾವು?"

ಇಬ್ಬರು ಗಂಡಸರು ಅಂಗಳದ ನಡುವೆ ಬಾಗಿಲನ್ನು ನೆಟ್ಟಗೆ ಹಿಡಿದು ನಿಂತರು. ಮೊದಲು ಅಜ್ಜಿಯ ಕಂಕುಳಲ್ಲಿ ಮೊಮ್ಮಗಳು ಹೊಸ್ತಿಲು ದಾಟಿ ಬಂದು ಸೂಜಿಗೆ ತೋಳು ಕೊಟ್ಟು ಅತ್ತಳು. ಹಿಂದೆ ಸಾಲು ಹಿಡಿದು ಉಳಿದವರು. ಒಬ್ಬ ಹುಡುಗಿ ಬಾಗಿಲ ಪಕ್ಕದಿಂದ ನಡೆದು ಬಂದಳು. ಕಲ್ಮೇಶ ಅವಳನ್ನು ತಡೆದು, "ಒಳಗಿಂದ ಬಾರವಾ," ಎಂದು ತಿರುಗಿ ಕಳಿಸಿದ. ಕಲಸಿದ್ದು ಕೆಡುವ ಮೊದಲೇ ಮೂವತ್ತೆಂಟೂ ಮುಗಿದವು. ಅವನು ಬಾಗಿಲ ಮೇಲೆ ದೊಡ್ಡದಾಗಿ ಗುರುತು ಹಾಕಿದ.

ಮೊಮ್ಮಗಳಿಗೆ ದಡಾರ ಏಳಲಿಲ್ಲ. ನೀರು ಇಳಿದು, ಶುಕ್ರವಾರ ಊರು ಊರಿಗೆ ಹೋಯಿತು. ಬಾಗಿಲು ಕೊನೆಯ ಟ್ರ್ಯಾಕ್ಟರಿನಲ್ಲಿ ಹೋಯಿತು.

ಮುಂದಿನ ತಿಂಗಳು ಒಂದು ಬುಧವಾರ ಕಲ್ಮೇಶ ಲಸಿಕೆ ಹಾಕಿಸಿಕೊಂಡ ಮಕ್ಕಳನ್ನು ನೋಡಿ ಬರೆದುಕೊಳ್ಳಲು ಊರಿಗೆ ಬಂದ. ನೂರಾ ಹನ್ನೆರಡರ ಜಾಗದಲ್ಲಿ ಗೋಡೆ ಇರಲಿಲ್ಲ, ಮಾಳಿಗೆ ಇರಲಿಲ್ಲ. ಕೆಸರಿನಲ್ಲಿ ಹೂತು ನಿಲ್ಲಿಸಿದ ಚೌಕಟ್ಟಿನಲ್ಲಿ ಬಾಗಿಲು ಮುಚ್ಚಿತ್ತು. ಅದರ ಆಚೆ, ಬಟ್ಟಬಯಲಲ್ಲಿ, ಸಿದ್ದಲಿಂಗವ್ವ ಮೂರು ಕಲ್ಲಿನ ಮೇಲೆ ರೊಟ್ಟಿ ಬೇಯಿಸುತ್ತಿದ್ದಳು.

ಕಲ್ಮೇಶ ಚಪ್ಪಲಿ ಬಿಟ್ಟು ಬಾಗಿಲು ಬಡಿದ.

"ಯಾರು?" ಎಂದಳು ಅವಳು, ಅವನ ಮುಖ ನೋಡುತ್ತಲೇ.

"ನಾನಬೇ, ಕಲ್ಮೇಶ."

ಅವಳು ಎದ್ದು ಬಂದು ಬಾಗಿಲು ತೆಗೆದಳು. ಅವನು ಒಳಗೆ ಕುಂತು ಬರೆದುಕೊಂಡ, ರೊಟ್ಟಿ ತಿಂದ. ಆ ಬುಧವಾರವೇ ಹೊರಟು ಹೋದ. ಹೋಗುವಾಗ ಬಾಗಿಲು ಎಳೆದು ಮುಚ್ಚಿ ಹೋದ.