ಖಾಲಿ ಗಾಡಿಯ ತೂಕ

‘ಓದು ಮುಗಿದ ಮೇಲೆ ನಿರೀಕ್ಷಿತ ಸಂಬಳ’ ಎಂಬ, ಸಾಲದ ಅರ್ಜಿಯ ಖಾನೆಗೆ ಬಂದು ಸುಮಲತಾಳ ಪೆನ್ನು ನಿಂತಿತು. ಸಂಡೂರಿನ ಬ್ಯಾಂಕಿನಲ್ಲಿ ಸಾಲದ ಸಾಹೇಬರು ಗಹಗಹಿಸಿ ನಕ್ಕರು. “ಹಂಪ್ಯಾಗ ಭಾಷಾವಿಜ್ಞಾನ! ಮಾತಾಡೋದು ಕಲಿಯಾಕ ಅರವತ್ತು ಸಾವಿರ ಸಾಲನಾ? ಜಂಬಯ್ಯ, ಅದರ ಬದ್ಲಿ ಇನ್ನೊಂದು ಟಿಪ್ಪರ್ ತಗೊಳ್ರಿ. ಹತ್ತು ಲಕ್ಷ ಇವತ್ತ ಕೊಡ್ತೀನಿ. ಎರಡು ವರ್ಷದಾಗ ತೀರತೈತಿ.”

ಮಗಳಿಗೆ ಸಾಹೇಬರ ಬಾಯಿಂದ ಇದನ್ನೇ ಹೇಳಿಸಲೆಂದು, ಗಣಿಯ ಅದಿರು ಸಾಗಿಸುವ ಜಂಬಯ್ಯ ಅವಳನ್ನು ಕರೆತಂದಿದ್ದ. ಆದರೆ ಆ ನಗು ಅವನನ್ನು ಚುಚ್ಚಿತು. ಬೆಳಿಗ್ಗೆ ಟಿಪ್ಪರ್ ತೂಗಿಸಿದ ವೇಬ್ರಿಡ್ಜ್ ಚೀಟಿಯನ್ನು ಜೇಬಿನಿಂದ ತೆಗೆದು ಮೇಜಿನ ಮೇಲೆ ಬಡಿದ. ಅದಿರಿನ ಕೆಂಪು ಧೂಳು ಸಾಹೇಬರ ಅಂಗಿಯವರೆಗೂ ಹಾರಿತು.

“ಗಣಿಗೆ ಹೋಗೋ ಮುಂಚೆ ನಾವು ಖಾಲಿ ಗಾಡಿ ತೂಗಿಸ್ತೀವ್ರಿ. ಅದಿರೆಷ್ಟು ಅಂತ ಆಗ ಯಾರಾದ್ರೂ ಕೇಳ್ತಾರೇನು? ತುಂಬ್ಕೊಂಡು ಬಂದಾಗ ಕೇಳ್ತಾರ. ನನ್ನ ಮಗಳು ಈಗಿನ್ನೂ ಹೊಂಟಾಳ!”

ಸುಮಲತಾ ಪೆನ್ನನ್ನು ಮತ್ತೆ ಆ ಖಾನೆಯ ಮೇಲಿಟ್ಟಳು. “ಅಪ್ಪಾ, ಈ ಖಾನ್ಯಾಗ ಏನ್ ಬರೀಲಿ?”

“ಬಂದ ಮ್ಯಾಲೆ ತೂಗ್ತೀವಂತ ಬರಿ!”

ಅವಳು ಬರೆದು ಮುಗಿಸುವವರೆಗೂ ಕಾಯದೆ, ಜಂಬಯ್ಯ ಅರ್ಜಿಯನ್ನು ಎಳೆದುಕೊಂಡು ಜಾಮೀನುದಾರನ ಜಾಗದಲ್ಲಿ ಸಹಿ ಹಾಕಿಬಿಟ್ಟ.