ಬೆಟ್ಟದ ಮಾವನ ಸಾಲು

"ಈ ಸಾಲು ಅಳಿಸಿಬಿಡ್ಲಾ ಸಾರ್?" ಹವಾಮಾನ ಕಚೇರಿಗೆ ಹೊಸದಾಗಿ ಸೇರಿದ್ದ ಹುಡುಗಿ ಕೀಲಿಮಣೆಯ ಮೇಲೆ ಬೆರಳಿಟ್ಟೇ ಕೇಳಿದಳು. ಮಳೆಯ ಲೆಕ್ಕ ತುಂಬಿಸುವ ಹಳೇ ಕಂಪ್ಯೂಟರ್ ಸ್ಕ್ರಿಪ್ಟಿನ ಒಂದು ಸಾಲು ಅದು: ಬೆಟ್ಟದ ಕೇಂದ್ರದ ಫೈಲ್ ಬಂದಿದ್ದರೆ ಸೇರಿಸಿಕೊಂಡು 'ಮಾವ' ಎಂಬ ಚುಟುಕು ಪದದ ಮ್ಯಾಕ್ರೋ ಬಿಚ್ಚು, ಬಾರದಿದ್ದರೆ ಮುಂದೆ ಹೋಗು.

"ಅಳಿಸಮ್ಮ. ಆ ಕೇಂದ್ರ ಮುಚ್ಚಿ, ನೋಡ್ಕೊಳ್ತಿದ್ದೋರೂ ಹೋಗಿ ಎಷ್ಟೋ ಕಾಲ ಆಯ್ತು," ಎಂದರು ಆ ಸಾಲು ಬರೆದಿದ್ದ ಹಿರಿಯರು, ತಲೆ ಎತ್ತದೆ. ಮಳೆಯ ಲೆಕ್ಕವಿದ್ದ ಫ್ಲಾಪಿ ನೆನೆಯದಂತೆ ಅಂಗಿಯೊಳಗಿಟ್ಟುಕೊಂಡು ಬೆಟ್ಟ ಇಳಿದು ಬರುತ್ತಿದ್ದ ಆ ಮನುಷ್ಯನನ್ನು ಕಚೇರಿಗೆ ಕಚೇರಿಯೇ ಮಾವ ಅನ್ನುತ್ತಿತ್ತು.

ಅಳಿಸುವ ಮುಂಚೆ ಪರೀಕ್ಷೆಗೆಂದು ಹುಡುಗಿ ಅದೇ ಹೆಸರಿನ ಖಾಲಿ ಫೈಲೊಂದನ್ನಿಟ್ಟು ಸ್ಕ್ರಿಪ್ಟ್ ಓಡಿಸಿದಳು. 'ಮಾವ' ಎಂಬ ಒಂದೇ ಪದ ಪರದೆಯ ಮೇಲೆ ಇಡೀ ವಾಕ್ಯವಾಗಿ ಬಿಚ್ಚಿಕೊಂಡಿತು. ಅವಳು ನಗುತ್ತಾ ಗಟ್ಟಿಯಾಗಿ ಓದಿದಳು: "ಬೆಟ್ಟದ ಮಾವ ಬಂದ್ರು, ಟೀ ಇಡ್ರೋ!"

ಹಿರಿಯರಿಗೆ ಅರಿವಾಗುವಷ್ಟರಲ್ಲಿ ಅವರು ಎದ್ದು ಕೆಟಲಿಗೆ ನೀರು ತುಂಬಿಸಿಯಾಗಿತ್ತು. ಕಣ್ಣು ಬಾಗಿಲ ಕಡೆಗಿತ್ತು.