ಸುಂದರಬಾಯಿ ತೆಗೆದ ಫೋಟೋಗಳು

ಕೇಬಲ್ಲಿನ ಒಂದು ತುದಿಯನ್ನು ಕ್ಯಾಮೆರಾಕ್ಕೂ ಇನ್ನೊಂದು ತುದಿಯನ್ನು ಕಂಪ್ಯೂಟರಿಗೂ ಸಿಕ್ಕಿಸಿ ವಿಜಯಶ್ರೀ ಕಾದಳು. ಹುಮನಾಬಾದಿನ ಬಸ್ ನಿಲ್ದಾಣದ ಎದುರಿಗಿದ್ದ ಆ ಕಂಪ್ಯೂಟರ್ ಸೆಂಟರಿಗೆ ಜನ ಅರ್ಜಿ ಟೈಪು ಮಾಡಿಸಲು, ಪರೀಕ್ಷೆಯ ಫಲಿತಾಂಶ ನೋಡಿಸಲು ಬರುತ್ತಿದ್ದರು. ಡಿಜಿಟಲ್ ಕ್ಯಾಮೆರಾ ಹಿಡಿದು ಬಂದವರು ಸುಂದರಬಾಯಿಯೇ ಮೊದಲು.

"ಇಷ್ಟು ಸಣ್ಣ ವಯರಿನಾಗ ಅಷ್ಟೂ ಫೋಟೋ ಹರಿದು ಬರ್ತಾವೇನವ್ವಾ?" ಅವರು ಬಗ್ಗಿ ಕೇಬಲ್ಲನ್ನು ಮುಟ್ಟಿ ನೋಡಿದರು.

"ಬರ್ತಾವ್ರಿ ಅಮ್ಮಾರ. ಎಷ್ಟದಾವ?"

"ಯಾರಿಗೆ ಗೊತ್ತು. ಜಾಗ ಇಲ್ಲಂತ ತೋರಸಾಕತ್ತದ. ಸೋಲಾಪುರದ ಅಳಿಯ ತಂದುಕೊಟ್ಟ. ಗುಂಡಿ ಒತ್ತೋದು ಕಲಸಿದ, ಖಾಲಿ ಮಾಡೋದು ಕಲಸಲಿಲ್ಲ. ಪೂರಾ ಸಿಡಿಗೆ ಹಾಕಿಕೊಡು."

ಅವರನ್ನು ಬಸವಕಲ್ಯಾಣದಿಂದ ಮೋಟರ್ ಸೈಕಲ್ಲಿನ ಮೇಲೆ ಕರೆತಂದ ಮಗ ಸಂಜೀವಕುಮಾರ ಬಾಗಿಲಿಗೆ ಒರಗಿ ನಿಂತಿದ್ದ. ಅಕ್ಕನ ಕೂಸಿನ ತೊಟ್ಟಿಲ ಫೋಟೋಗಳಿರಬೇಕು ಎಂದುಕೊಂಡು ಅವನೂ ಹತ್ತಿರ ಬಂದ. ಪರದೆಗೆ ಬಂದ ಮೊದಲನೆಯದು ಬರೀ ಹೆಬ್ಬೆರಳು. ಎರಡನೆಯದರಲ್ಲಿ ತೊಟ್ಟಿಲ ಹಗ್ಗ ಇತ್ತು, ಕೂಸು ಇರಲಿಲ್ಲ. ಆಮೇಲೆ ತೊಟ್ಟಿಲೂ ಇಲ್ಲ, ಅಕ್ಕನೂ ಇಲ್ಲ. ಮುಡಬಿ ಊರಿನ ಬೋರಿಂಗ್ ಪಂಪಿನ ಹತ್ತಿರ ಕೊಡ ತೊಳೆಯುತ್ತಿದ್ದ ಹುಡುಗಿ. ಆಟೋದಿಂದ ಇಳಿದು ಚಪ್ಪಲಿ ಸರಿಪಡಿಸಿಕೊಳ್ಳುತ್ತಿದ್ದ ಹುಡುಗಿ. ಕಿರಾಣಿ ಅಂಗಡಿಯಲ್ಲಿ ಜೋಳ ಅಳೆಯುತ್ತಿದ್ದ ಇನ್ನೊಬ್ಬಳು. ಅವಳ ತಲೆಯೇ ಫೋಟೋದಲ್ಲಿ ಬಂದಿರಲಿಲ್ಲ. ಒಬ್ಬಳೂ ಕ್ಯಾಮೆರಾದ ಕಡೆ ನೋಡಿರಲಿಲ್ಲ.

"ಅವ್ವಾ, ಇವರೆಲ್ಲ ಯಾರು?"

"ನಿನಗ ಹೆಣ್ಣು ನೋಡಾಕತ್ತೇನಿ." ಸುಂದರಬಾಯಿಯ ದನಿಯಲ್ಲಿ ಅಳುಕೇನೂ ಇರಲಿಲ್ಲ. "ಬರ್ತೀವಂತ ಹೇಳಿ ಹೋದ್ರ ಪೌಡರ್ ಹಚ್ಚಿ, ಚಾದ ತಾಟು ಕೈಯಾಗ ಕೊಟ್ಟು ಕಳಸ್ತಾರ. ಎಲ್ಲಾರೂ ಒಂದೇ ನಮೂನಿ ಕಾಣಸ್ತಾರ. ಅದಕ್ಕ ಮದಲ ಹಿಂಗ ನೋಡಿಬಿಟ್ರ ಚಂದ."

"ಅವರಿಗೆ ಗೊತ್ತದೇನು?"

"ಗೊತ್ತಾದ್ರ ಸೆಟದು ನಿಂದರ್ತಾರ."

ಮಗ ಮುಖ ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯದೆ ಗೋಡೆಯ ಕ್ಯಾಲೆಂಡರ್ ನೋಡಿದ. ವಿಜಯಶ್ರೀಗೆ ನಗು ತಡೆಯುವುದು ಕಷ್ಟವಾಯಿತು. ತನ್ನನ್ನು ನೋಡಲು ಬಂದು ಉಪ್ಪಿಟ್ಟು ತಿಂದು ಹೋದವರನ್ನು ನೆನೆಯುತ್ತಲೇ ಮುಂದಿನ ಫೋಟೋ ತೆರೆದಳು. ಕೈ ಮೌಸಿನ ಮೇಲೆ ನಿಂತುಹೋಯಿತು.

ಮನ್ನಾಏಖೇಳ್ಳಿಯ ಬಸ್ ಸ್ಟಾಪು. ಧೂಳಿಗೆ ಹೆದರಿ ಓಢಣಿಯನ್ನು ತಲೆಗೆಲ್ಲ ಸುತ್ತಿಕೊಂಡ ಹುಡುಗಿಯೊಬ್ಬಳು ದೊಡ್ಡದಾಗಿ ಬಾಯಿ ತೆರೆದು, ಬಸ್ಸಿನ ಮೆಟ್ಟಿಲ ಮೇಲಿದ್ದ ಮೀಸೆಯವನ ಮೂಗಿಗೆ ಬೆರಳು ಚಾಚಿ ನಿಂತಿದ್ದಳು. ಅದು ಅವಳೇ, ವಿಜಯಶ್ರೀ. ಸಿಟ್ಟು ಬಂದಾಗ ತಾನು ಹೀಗೆ ಕಾಣುತ್ತೇನೆಂದು ಅವಳಿಗೆ ಗೊತ್ತಿರಲಿಲ್ಲ. ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಇನ್ನಷ್ಟು ಹೊತ್ತು ನೋಡಬೇಕೆನಿಸಿತು.

"ಇದೊಂದು ಅಳಿಸಿಬಿಡು," ಎಂದರು ಸುಂದರಬಾಯಿ. "ತವರಿಗೆ ಹೋದಾಗ ಕಂಡಿದ್ಲು. ದೂರದಿಂದ ಚಂದ ಅದಾಳಂತ ಒತ್ತಾಕ ಹೋದೆ. ಅಷ್ಟರಾಗ ಬಾಯಿ ತೆಗೆದ್ಲು. ಭಾಳ ಜಗಳಗಂಟಿ."

"ಯಾಕ ಜಗಳಾಡಿದ್ಲು, ಕೇಳಿದ್ರೇನ್ರಿ?"

"ಅಷ್ಟು ದೂರ ಹ್ಯಾಂಗ ಕೇಳಸ್ತದ?"

"ಆ ಮನಿಷ್ಯಾ ಒಬ್ಬಾಕಿ ಮುದುಕೀನ ಮೆಟ್ಟಲದಿಂದ ಕೆಳಗ ಎಳೆದು ತಾ ಹತ್ತಿದ್ನರಿ. ಮುದುಕಿ ಇಲ್ಲೇ ಬಿದ್ದಾಳ. ನಿಮ್ಮ ಹೆಬ್ಬೆರಳು ಅಡ್ಡ ಬಂದದ." ವಿಜಯಶ್ರೀ ಪರದೆಯ ಮೂಲೆಯನ್ನು ಮುಟ್ಟಿ ತೋರಿಸಿದಳು. "ಈ ಗಂಟು ಕಾಣಾಕತ್ತದಲ್ರಿ, ಆಕೀದು."

"ನಿನಗ ಹ್ಯಾಂಗ ಗೊತ್ತು?"

ಸಂಜೀವಕುಮಾರ ಫೋಟೋದ ಹುಡುಗಿಯ ಹೆಗಲಲ್ಲಿದ್ದ ಹಸಿರು ಚೀಲವನ್ನೂ ವಿಜಯಶ್ರೀಯ ಕುರ್ಚಿಯ ಬೆನ್ನಿಗೆ ನೇತುಬಿದ್ದಿದ್ದ ಹಸಿರು ಚೀಲವನ್ನೂ ನೋಡಿದ. "ಅವ್ವಾ, ಸುಮ್ಕಿರು," ಎಂದ ಮೆಲ್ಲಗೆ. ಸುಂದರಬಾಯಿಯೂ ನೋಡಿದರು. ಅವರ ಕೈ ತಾನಾಗಿ ಸೆರಗಿಗೆ ಹೋಯಿತು.

ವಿಜಯಶ್ರೀ ಏನನ್ನೂ ಅಳಿಸದೆ ಎಲ್ಲ ಫೋಟೋಗಳನ್ನೂ ಸಿಡಿಗೆ ಹಾಕಿದಳು. ಸಿಡಿ ತಿರುಗುವ ಸದ್ದು ನಿಂತ ಮೇಲೆ ಅದನ್ನು ಹೊರತೆಗೆದು ಸುಂದರಬಾಯಿಯ ಕೈಗಿತ್ತಳು. ಆಮೇಲೆ ಕ್ಯಾಮೆರಾ ಖಾಲಿ ಮಾಡಿ, ಕೇಬಲ್ ಬಿಚ್ಚಿ, ಕ್ಯಾಮೆರಾವನ್ನು ಕೈಗೆತ್ತಿಕೊಂಡು ಸಂಜೀವಕುಮಾರನ ಕಡೆ ತಿರುಗಿದಳು.

"ಒಂದು ತೆಗೀಲೇನ್ರಿ?"

ಅವನ ಕೈ ಕೂದಲಿನ ಕಡೆ ಹೊರಟಿತು. ಅರ್ಧಕ್ಕೇ ಅದನ್ನು ಇಳಿಸಿಕೊಂಡ. "ತೆಗೀರಿ."

ಮತ್ತೆ ಕೇಬಲ್ ಸಿಕ್ಕಿಸಿದಾಗ ಫೋಟೋ ಕಂಪ್ಯೂಟರಿನ ಪರದೆಗೆ ಬಂತು. ಬಿಸಿಲಿಗೆ ಕೆಂಪಾದ ಮುಖ, ಗಾಳಿಗೆ ಎದ್ದುನಿಂತ ಕೂದಲು, ಒಂದು ಗುಂಡಿ ಕಿತ್ತ ಅಂಗಿ. ಕಣ್ಣು ಮಾತ್ರ ಕ್ಯಾಮೆರಾ ನೋಡುತ್ತಿರಲಿಲ್ಲ. ಅದರ ತುಸು ಮೇಲೆ, ಅದನ್ನು ಹಿಡಿದವಳನ್ನು ನೋಡುತ್ತಿತ್ತು. ಸುಂದರಬಾಯಿ ಯಾರೋ ಪರರ ಹುಡುಗನನ್ನು ನೋಡುವವರ ಹಾಗೆ ಬಗ್ಗಿ ನೋಡಿದರು.

"ಇದು ಸಿಡಿಯಾಗ ಬಂತೇನು?"

"ಇಲ್ರಿ. ಇದು ನಮ್ಮ ಕಡೆ ಇರ್ತದ."

ಸುಂದರಬಾಯಿ ಸ್ಟೂಲು ಎಳೆದುಕೊಂಡು ಕುಳಿತರು. ಸ್ವಲ್ಪ ಹೊತ್ತು ಸಿಡಿಯನ್ನು ತಿರುಗಿಸಿ ತಿರುಗಿಸಿ ನೋಡಿ, ದನಿ ತಗ್ಗಿಸಿ ಕೇಳಿದರು:

"ಮನ್ನಾಏಖೇಳ್ಳಿಯಾಗ ನಿಮ್ಮ ಮನಿ ಎಲ್ಲಿ ಬರ್ತದವ್ವಾ?"

"ಹೇಳ್ತೀನಿ, ಜರಾ ತಡೀರಿ ಅಮ್ಮಾರ," ಎಂದಳು ವಿಜಯಶ್ರೀ. "ಮದಲ ನಾವು ಫೋಟೋ ನೋಡ್ತೀವಿ."